ಬಾಗಿಲ ಎದುರಿನ ಸೀಟು

ಆ ಹುಡುಗಿ ಇವತ್ತೂ ಹತ್ತಿದ್ದಳು. ಅದೇ ಸೀಟು, ಬಾಗಿಲಿಗೆ ಎದುರಿನದು.

"ಎಲ್ಲಿಗವ್ವ?"

"ಕೊಣನೂರಿಗೆ."

ಕಂಡಕ್ಟರ್ ಚನ್ನಬಸವಯ್ಯ ಮೆಷೀನಿನಿಂದ ಟಿಕೆಟ್ ಹರಿದು ಕೊಟ್ಟ. ನಿನ್ನೆಯೂ ಇವಳು ಕೊಣನೂರಿಗೆ ಬಂದಿದ್ದಳು. ಇಳಿದು ಒಂದು ಟೀ ಕುಡಿದು, ಅದೇ ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ವಾಪಸಾಗಿದ್ದಳು. ಕೆಲಸವಿದ್ದವರು ಹೀಗೆ ಓಡಾಡುವುದಿಲ್ಲ. ಓಡಾಡುವುದೇ ಅವಳ ಕೆಲಸವಾಗಿದ್ದರೆ?

ಹೊಳೆನರಸೀಪುರಕ್ಕೆ ಸ್ವಲ್ಪ ಮೊದಲು, ಹುಣಸೆಮರದ ಕೆಳಗೆ ಹೊನ್ನಕ್ಕ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಅಲ್ಲಿ ಸ್ಟಾಪಿಲ್ಲ. ಸ್ಟಾಪಿನವರೆಗೆ ನಡೆಯಲು ಅವಳ ಮಂಡಿನೋವು ಬಿಡದು. ಚನ್ನಬಸವಯ್ಯ ಎಂದಿನಂತೆ ಸೀಟಿ ಊದಿದ, ಇಳಿದು ಬುಟ್ಟಿ ಎತ್ತಿಕೊಂಡ, ಅವಳ ರಟ್ಟೆ ಹಿಡಿದು ಹತ್ತಿಸಿದ.

"ನಿನ್ ಕೈಗೆ ಮುಳ್ಳು ತಾಗ್ದಿರ್ಲಿ ಕಣಪ್ಪ," ಎಂದಳು ಹೊನ್ನಕ್ಕ.

"ಸೊಪ್ಪಲ್ಲಿ ಮುಳ್ಳಿಕ್ಕಿರೋಳು ನೀನೇ ಅಲ್ವಾ," ಎಂದು ತಿರುಗಿದವನ ನಗು ಅಲ್ಲೇ ನಿಂತಿತು. ಹುಡುಗಿ ಅವನನ್ನೇ ನೋಡುತ್ತ, ಎರಡೂ ಹೆಬ್ಬೆರಳಿನಿಂದ ಫೋನಿನಲ್ಲಿ ಬರೆಯುತ್ತಿದ್ದಳು.

ಹೊಳೆನರಸೀಪುರದ ನಿಲ್ದಾಣದಲ್ಲಿ ಡ್ರೈವರ್ ಗುಂಡಯ್ಯ ಅವನನ್ನು ಬಸ್ಸಿನ ಹಿಂದಕ್ಕೆ ಕರೆದ.

"ಮಾಲೀಕರ ಕಡೆಯೋಳು ಕಣ್ ಬಸಣ್ಣ. ಅವರ ಹಾಸನದ ಬಸ್ಸಲ್ಲೂ ಇಂಗೇ ಒಬ್ಬ ಬಂದು ಕುಂತಿದ್ನಂತೆ. ವಾರ ತುಂಬ್ತಲೂ ಕಂಡಕ್ಟರನ್ನ ಮನೆಗೆ ಕಳಿಸ್ಬುಟ್ರು. ಈಗ ಬಾಗ್ಲಲ್ಲಿ ಒಂದು ಡಬ್ಬ ಐತೆ. ಬಸ್ ಹತ್ತೋರು ಫೋನ್ ತೋರುಸ್ತಾರೆ, ಅದು ಟಿಕೆಟ್ ಉಗೀತದೆ."

"ನಿನ್ ಕೆಲ್ಸ ಗಟ್ಟಿ ಬುಡು."

"ಸ್ಟೇರಿಂಗ್ ಇಡ್ಕೊಳೋ ಡಬ್ಬನೂ ಬತ್ತದಂತೆ." ಗುಂಡಯ್ಯ ನಗಲು ನೋಡಿದ. ಆಗಲಿಲ್ಲ.

ಚನ್ನಬಸವಯ್ಯ ಚೀಲದ ಚಿಲ್ಲರೆಯನ್ನು ಮತ್ತೆ ಎಣಿಸತೊಡಗಿದ. ಐವತ್ತು ದಾಟಿದವನಿಗೆ ಇನ್ಯಾರು ಕೆಲಸ ಕೊಡುತ್ತಾರೆ? ಮಗಳು ಮಾನ್ಯಾಳ ನರ್ಸಿಂಗ್ ಓದು ಅರ್ಧದಲ್ಲಿದೆ. ಸ್ಟಾಪಿಲ್ಲದಲ್ಲಿ ನಿಲ್ಲಿಸಿದ್ದು, ಓಡಿಬರುವ ಟೀಚರಮ್ಮನಿಗಾಗಿ ಕಾದದ್ದು, ಅವರಿವರ ಸಾಮಾನು ಹೊತ್ತದ್ದು, ಎಲ್ಲವೂ ಆ ಫೋನಿನೊಳಗೆ ಹೋಗಿದೆ.

ಅರಕಲಗೂಡಿನಲ್ಲಿ ಔಷಧಿ ಅಂಗಡಿಯವರು ತಣ್ಣನೆಯ ಪೊಟ್ಟಣ ಹಿಡಿದು ಬಂದರು. ಮುಂದಿನ ಹಳ್ಳಿಯ ಲಕ್ಷ್ಮಿದೇವಮ್ಮನ ಇನ್ಸುಲಿನ್. ಅದನ್ನು ಅವನು ಯಾವಾಗಲೂ ಬಿಸಿಲು ಬೀಳದಂತೆ ತನ್ನ ಸೀಟಿನ ಕೆಳಗಿಟ್ಟು ಒಯ್ಯುತ್ತಿದ್ದ.

"ಆಗಲ್ಲ ಸಾ. ರೂಲ್ಸಿಲ್ಲ."

"ಮೊನ್ನೆವರ್ಗೂ ಇಲ್ಲದ ರೂಲ್ಸು ಎಲ್ಲಿಂದ ಬಂತಯ್ಯ?"

ಅವನು ಸೀಟಿ ಊದಿದ. ಓರೆಗಣ್ಣಿನಿಂದ ನೋಡಿದ. ಹುಡುಗಿಯ ಹೆಬ್ಬೆರಳು ಅಲ್ಲಾಡಲಿಲ್ಲ. ಎದೆ ಒಂದಿಷ್ಟು ಹಗುರಾಯಿತು.

ಹಳ್ಳಿಯ ಗೇಟಿನಲ್ಲಿ ಲಕ್ಷ್ಮಿದೇವಮ್ಮ ಕಿಟಕಿಯತ್ತ ಕೈ ಚಾಚಿದಳು.

"ಬರೋದಿದ್ರೆ ಟಿಕೆಟ್ ತಗೊಳಮ್ಮ. ಇಲ್ದಿದ್ರೆ ದಾರಿ ಬುಡು."

ಚಾಚಿದ ಕೈಯನ್ನು ಆಕೆ ಸೆರಗಿನಲ್ಲಿ ಮುಚ್ಚಿಕೊಂಡಳು. ಹಾಗೆ ಮಾತಾಡಿದ್ದು ತನ್ನ ಬಾಯೇ ಹೌದಾ ಎಂದು ಚನ್ನಬಸವಯ್ಯನಿಗೇ ಅನ್ನಿಸಿತು. ಹುಡುಗಿ ಒಮ್ಮೆ ತಲೆಯೆತ್ತಿ ನೋಡಿ, ಫೋನನ್ನು ಚೀಲದೊಳಗೆ ಹಾಕಿದಳು.

ಮರುದಿನ ಹುಣಸೆಮರದ ಹತ್ತಿರ ಗುಂಡಯ್ಯನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ಓಗು ಗುಂಡಯ್ಯ. ಸ್ಟಾಪಲ್ಲ ಅದು."

"ಲೇ, ಮುದುಕಿ ಕಣ್ಲಾ."

"ಓಗು ಅಂದ್ನಲ್ಲ."

ಕನ್ನಡಿಯಲ್ಲಿ ಹೊನ್ನಕ್ಕನ ಎತ್ತಿದ ಕೈ ಸಣ್ಣದಾಗುತ್ತ ಹೋಯಿತು. ಚನ್ನಬಸವಯ್ಯ ಅದನ್ನು ನೋಡಲಿಲ್ಲ. ಹುಡುಗಿಯ ಕೈಗಳನ್ನು ನೋಡುತ್ತಿದ್ದ. ಅವು ಮಡಿಲಲ್ಲಿ ಸುಮ್ಮನಿದ್ದವು.

ವಾರದ ಉಳಿದ ದಿನಗಳೂ ಹಾಗೇ ಕಳೆದವು. ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು, ಹೊತ್ತಿಗೆ ಸರಿಯಾಗಿ ಮುಟ್ಟಿತು. ಟೀಚರಮ್ಮ ಧೂಳಿನಲ್ಲಿ ನಿಂತು ನೋಡಿದರು. ಯಾರೂ ಅವನೊಂದಿಗೆ ತಮಾಷೆ ಮಾಡಲಿಲ್ಲ. ಹುಣಸೆಮರದ ಕೆಳಗೆ ಈಗ ಯಾರೂ ನಿಲ್ಲುತ್ತಿರಲಿಲ್ಲ. ಹುಡುಗಿಯ ಫೋನು ಮಾತ್ರ ಒಂದು ದಿನವೂ ಚೀಲದಿಂದ ಹೊರಬರಲಿಲ್ಲ. ಚನ್ನಬಸವಯ್ಯ ಹೊಟ್ಟೆ ತುಂಬ ಊಟ ಮಾಡತೊಡಗಿದ.

ಶನಿವಾರ ಕೊಣನೂರಿನಲ್ಲಿ ಬಸ್ಸು ಖಾಲಿಯಾದ ಮೇಲೆ ಹುಡುಗಿ ಎರಡು ಲೋಟ ಟೀ ಹಿಡಿದು ಬಂದಳು. ಒಂದನ್ನು ಅವನಿಗೆ ಕೊಟ್ಟಳು. ಹೆಸರು ಪ್ರೇಕ್ಷಾ ಎಂದಳು. ಇವತ್ತಿಗೆ ಇಲ್ಲಿನ ಕೆಲಸ ಮುಗಿಯಿತು ಎಂದಳು.

ಅವನು ಧೈರ್ಯ ಮಾಡಿ ಕೇಳಿಯೇಬಿಟ್ಟ. "ಮಾಲೀಕರು ಕಳಿಸಿದ್ದಲ್ವರಾ? ನನ್ನಲ್ಲಿ ತಪ್ಪೇನಾರ ಕಾಣ್ತಾ, ಮೇಡಮ್ಮೋರೇ?"

"ಇಲ್ಲ ಯಜಮಾನ್ರೇ. ಒಂದೂ ಇಲ್ಲ."

ಅವನ ಉಸಿರು ಪೂರ್ತಿ ಹೊರಬಂತು. "ಅಂಗಾರೆ ಡಬ್ಬ ಬರಲ್ಲ."

ಪ್ರೇಕ್ಷಾ ತನ್ನ ಲೋಟವನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟಳು.

"ಡಬ್ಬ ಎಲ್ಲಾ ಬಸ್ಸಿಗೂ ಬರುತ್ತೆ, ಅದು ಮೊದಲೇ ತೀರ್ಮಾನ ಆಗಿತ್ತು. ಡಬ್ಬ ಮಾಡೋಕಾಗದ ಕೆಲಸ ಯಾವ ಕಂಡಕ್ಟರ್ ಮಾಡ್ತಾರೋ ಅವರನ್ನ ಮಾತ್ರ ಉಳಿಸ್ಕೋತೀವಿ, ಅಂಥದ್ದು ಕಂಡರೆ ಬರೆದು ಕಳಿಸು ಅಂದಿದ್ರು ಮಾಲೀಕರು. ಮೊದಲೆರಡು ದಿನ ಬೆರಳು ನೋಯೋಷ್ಟು ಬರೆದೆ. 'ವಾರದ ಕೊನೆಗೂ ಹಾಗೇ ಇದ್ದರೆ ಸರಿ' ಅಂದ್ರು. ಆಮೇಲೆ ನೀವು ನನಗೆ ಬರೆಯೋಕೆ ಏನೂ ಕೊಡಲೇ ಇಲ್ವಲ್ಲ."