ಸೆರ್ವಾಳ ಕೆನ್ನೆ

“ನಾಳೆ ಬೆಳಿಗ್ಗೆ ಎಂಟರೊಳಗೆ ಆ ಹೆಂಗಸು ಸುಳ್ಳುಗಾರ್ತಿ ಅಂತ ಅಕ್ರಾ ನಗರ ಪೂರ್ತಿ ನಂಬಬೇಕು,” ಎಂದು ಮೇಲಧಿಕಾರಿ ಲಾರ್ಬಿ ಕಾಗದವನ್ನು ಅಫುವಾಳ ಮೇಜಿನ ಮೇಲೆ ಎಸೆದ.

ಅಫುವಾ ಅದನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಹರಿದು ಅವನ ಮುಖಕ್ಕೇ ಬಿಸಾಕುತ್ತಿದ್ದಳು. ಸಾರ್ವಜನಿಕ ಸಂಪರ್ಕದ ಈ ಕಚೇರಿಯಲ್ಲಿ ಅವಳು ಸೇರಿ ಎರಡು ವರ್ಷವಾಗಿತ್ತು. ಕಂಪನಿಗಳ ಮುಖ ತೊಳೆಯುವುದೇ ಕೆಲಸ. ತೊಳೆದ ಕೊಳೆ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ.

‘ಆ ಹೆಂಗಸು’ ಅಂದರೆ ಸೆರ್ವಾ. ಕಚೇರಿಯ ಎದುರಿನ ರಸ್ತೆಯಲ್ಲೇ ಕೆಂಡದ ಮೇಲೆ ಬಾಳೆಕಾಯಿ ಸುಟ್ಟು ಮಾರುವವಳು. ಲಾರ್ಬಿ ಪ್ರಚಾರ ಮಾಡುತ್ತಿದ್ದ, ಮೈಬಣ್ಣ ಬಿಳುಪಾಗಿಸುವ ಕ್ರೀಮು ಅವಳ ಬಲಗೆನ್ನೆಯನ್ನು ತಿಂದುಹಾಕಿತ್ತು. ಎರಡು ವಾರದ ಹಿಂದೆ ಟ್ಯೂಬು ಹಿಡಿದುಕೊಂಡು ಕಚೇರಿಗೇ ಬಂದಿದ್ದಳು.

“ನಿನ್ನ ಹೆಸರು ಅಫುವಾನಾ? ನನ್ನ ದೊಡ್ಡ ಮಗಳೂ ನಿನ್ನ ವಾರದವಳೇ ಕಣಮ್ಮ. ನಿನ್ನ ನಂಬಿ ಕೊಡ್ತಿದ್ದೀನಿ. ಬೇರೆ ಹೆಣ್ಣುಮಕ್ಕಳ ಮುಖ ಹಾಳಾಗೋದು ಬೇಡ,” ಎಂದು ಟ್ಯೂಬನ್ನು ಅವಳ ಕೈಗಿಟ್ಟಿದ್ದಳು.

ಪರೀಕ್ಷೆಗೆ ಕಳಿಸುತ್ತಾರೆಂದು ಅಫುವಾ ಅದನ್ನು ಲಾರ್ಬಿಗೆ ಕೊಟ್ಟಳು. ಮರುದಿನ ಕೇಳಿದರೆ, “ಯಾವ ಟ್ಯೂಬು?” ಎಂದ. ಈಗ ಸೆರ್ವಾಳ ಬಳಿ ಉಳಿದಿದ್ದು ಅವಳ ಮಾತೊಂದೇ. ನಾಳೆ ಏಳಕ್ಕೆ ರೇಡಿಯೋದಲ್ಲಿ ಅದನ್ನು ಹೇಳುವವಳಿದ್ದಳು. ಅದೂ ಸುಳ್ಳೆಂದಾದರೆ ಕ್ರೀಮು ಅಂಗಡಿಗಳಲ್ಲೇ ಉಳಿಯುತ್ತದೆ.

“ಮೂರು ಜನ ಕರೆ ಮಾಡಲಿ. ಕೆನ್ನೆ ಸುಟ್ಟಿದ್ದು ಅವಳ ಒಲೆಯಿಂದ, ಕಣ್ಣಾರೆ ಕಂಡೆವು ಅನ್ನಲಿ,” ಎಂದ ಲಾರ್ಬಿ. ಕೂಲಿಗೆ ರೇಡಿಯೋಗೆ ಕರೆ ಮಾಡಿ ಒಬ್ಬರನ್ನು ಹೊಗಳುವವರು, ಇನ್ನೊಬ್ಬರ ಮಾನ ಕಳೆಯುವವರು ಈ ಊರಲ್ಲಿ ಬೇಕಾದಷ್ಟಿದ್ದರು. ಅವರು ಆಡುವ ಮಾತು ಬರೆದುಕೊಡುವುದು ಅಫುವಾಳ ಪಾಲಿನ ಕೆಲಸ. “ಹೆಸರು, ಮನೆ, ಹುಟ್ಟಿದ ತಾರೀಖು, ಎಲ್ಲಾ ಕೊಡು. ನಿಜವಾದ ಮನುಷ್ಯರ ಹಾಗೆ ಕಾಣಬೇಕು.”

“ಕೊಡ್ತೀನಿ ಸರ್. ಯಾರು ಸುಳ್ಳುಗಾರರು ಅಂತ ನಾಳೆ ಊರಿಗೆಲ್ಲ ಗೊತ್ತಾಗುತ್ತೆ.”

“ಹಾಗಿರಬೇಕು ಹುಡುಗಿ!”

ಲಾರ್ಬಿ ಹುಟ್ಟಿ ಬೆಳೆದಿದ್ದು ಲಂಡನ್ನಿನಲ್ಲಿ. ಅಪ್ಪನ ಊರಿಗೆ ಬಂದು ಮೂರು ವರ್ಷವಾದರೂ ಚ್ವೀ ಭಾಷೆಯ ಒಂದು ಮಾತೂ ಬಾಯಿಗೆ ಹತ್ತಿರಲಿಲ್ಲ. ಅಫುವಾ ಬೆಳಗ್ಗೆ ಕಿವಿಗೆ ಸಿಕ್ಕಿಸಿಕೊಳ್ಳುವ ಚ್ವೀ ರೇಡಿಯೋ, ಸಂಜೆ ನೋಡುವ, ಸೀರೆಯುಟ್ಟ ಅತ್ತೆಯರು ಚ್ವೀಯಲ್ಲಿ ಬೈದಾಡುವ ಇಂಡಿಯಾದ ಧಾರಾವಾಹಿ, ಎರಡೂ ಅವನಿಗೆ ನಗೆಪಾಟಲು. “ಓದಿದವಳಿಗೆ ಇದೆಂಥಾ ರುಚಿ?” ಅನ್ನುತ್ತಿದ್ದ. ಸೆರ್ವಾ ಮಾತಾಡಲಿದ್ದ ಆ ರೇಡಿಯೋದ ಬೆಳಗಿನ ನಿರೂಪಕ ಒಸೆಯ್‌ನ ಕಾರ್ಯಕ್ರಮವನ್ನು ಅವಳು ಶಾಲೆಯ ದಿನಗಳಿಂದ ಬಿಟ್ಟವಳಲ್ಲ. ಕರೆ ಮಾಡಿದವರ ಹುಟ್ಟಿದ ತಾರೀಖು ಕೇಳಿ ಚುಡಾಯಿಸುವುದು ಅವನ ಚಟ. ತುಂಬಿದ ಟ್ರೊಟ್ರೊ ವ್ಯಾನಿನಲ್ಲಿ ಬೆವರು ಒರೆಸಿಕೊಳ್ಳುತ್ತಲೇ ಅವಳು ಕಿಸಕ್ಕನೆ ನಗುತ್ತಿದ್ದಳು.

ಆ ಸಂಜೆ ಧಾರಾವಾಹಿ ನೋಡಲಿಲ್ಲ. ಬರೆದಳು. ಕರೆ ಮಾಡುವವರಿಗೆ ಮೂರು ಹೆಸರು: ಕ್ವಾಕು, ಅಬೆನಾ, ಕ್ವಾಸಿ. ಆಮೇಲೆ ಫೋನಿನ ಕ್ಯಾಲೆಂಡರನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ತಳ್ಳುತ್ತಾ ಕೂತಳು.

“ಏನು, ರಜೆ ಹುಡುಕ್ತಿದ್ದೀಯಾ?” ಎಂದಳು ಕೋಣೆಯ ಜೊತೆಗಾತಿ ಎಸೆನಾಮ್.

“ಹುಟ್ಟುಹಬ್ಬ ಹುಡುಕ್ತಿದ್ದೀನಿ.”

ಎಸೆನಾಮ್ ಕಾಗದದ ಮೇಲೆ ಬಗ್ಗಿ ಓದಿದಳು. ಮುಖ ಕೆಂಡವಾಯಿತು. “ಥೂ! ದಿನಾ ಅವಳ ಕೈಯಿಂದ ಬಾಳೆಕಾಯಿ ತಿಂತೀಯಲ್ಲೇ! ನಾಚಿಕೆ ಆಗಲ್ವಾ ನಿಂಗೆ?”

“ಆಗುತ್ತೆ,” ಎಂದಳು ಅಫುವಾ. ಎಸೆನಾಮ್ ತನ್ನ ಚಾಪೆಯನ್ನು ಕೋಣೆಯ ಇನ್ನೊಂದು ಮೂಲೆಗೆ ಎಳೆದುಕೊಂಡಳು. ಅಫುವಾ ತಡೆಯಲಿಲ್ಲ.

ಬೆಳಿಗ್ಗೆ ಏಳಕ್ಕೆ ಲಾರ್ಬಿಯ ಕೋಣೆಯಲ್ಲಿ ರೇಡಿಯೋ ಹಾಕಿದರು. ಸೆರ್ವಾಳ ದನಿ ಗದ್ಗದವಾಗಿತ್ತು. ತನ್ನ ಕಥೆ ಹೇಳಿ ಮುಗಿಸಿದಳೋ ಇಲ್ಲವೋ, ಮೊದಲ ಕರೆ ಬಂತು.

“ಏನಂತೆ?” ಎಂದ ಲಾರ್ಬಿ.

“ನಾನು ಕ್ವಾಕು, ಅವಳು ಒಲೆ ಮೇಲೆ ಬಿದ್ದಿದ್ದನ್ನ ನಾನೇ ನೋಡಿದೆ ಅಂತಿದ್ದಾನೆ ಸರ್.”

“ಭೇಷ್! ಈಗೇನು?”

“ಒಸೆಯ್ ಹುಟ್ಟಿದ ತಾರೀಖು ಕೇಳ್ತಿದ್ದಾನೆ. ಮಾರ್ಚ್ ಹದಿನೈದು, ಎಂಬತ್ತೈದು.”

ಒಸೆಯ್ ಹೋ ಎಂದು ನಕ್ಕ. ಲಾರ್ಬಿಯೂ ಸುಮ್ಮನೆ ನಕ್ಕ. ಎರಡನೆಯ ಕರೆ ಅಬೆನಾಳದು, ತೊಂಬತ್ತರ ನವೆಂಬರ್ ಒಂಬತ್ತು. ಒಸೆಯ್ ಮೇಜು ಬಡಿದು ನಕ್ಕ. ಮೂರನೆಯವನು ಕ್ವಾಸಿ, ಎಂಬತ್ತೆರಡರ ಆಗಸ್ಟ್ ಆರು. ಈ ಸಲ ಒಸೆಯ್ ನಗಲಿಲ್ಲ. ಕಿರುಚಿದ. ಹೊರಗೆ ಅಂಗಡಿಗಳವರ ಕೇಕೆ ಕಿಟಕಿಯೊಳಗೆ ಬಂತು.

“ಏನಾಯ್ತು? ಅವನ್ಯಾಕೆ ಕಿರುಚ್ತಿದ್ದಾನೆ?”

ಅಫುವಾ ತನ್ನ ಚೀಲ ಎತ್ತಿಕೊಂಡಳು. ಲಾರ್ಬಿ ಬಾಗಿಲು ತೆರೆದು ಡ್ರೈವರ್ ಟೆಟೆಯನ್ನು ಎಳೆದುತಂದ. ಮುದುಕ ಕಣ್ಣೀರು ಬರುವಷ್ಟು ನಗುತ್ತಿದ್ದ.

“ಸ್ವಾಮಿ, ಇಲ್ಲಿ ಹುಟ್ಟಿದ ವಾರಾನೇ ಮಗೂಗೆ ಹೆಸರು. ಕ್ವಾಕು ಅಂದ್ರೆ ಬುಧವಾರದವನು. ಅಬೆನಾ ಮಂಗಳವಾರದವಳು, ಕ್ವಾಸಿ ಭಾನುವಾರದವನು. ಒಸೆಯ್ ತಾರೀಖು ಕೇಳಿದ್ರೆ ಚಿಟಿಕೆ ಹೊಡೆಯೋಷ್ಟರಲ್ಲಿ ವಾರ ಹೇಳ್ತಾನೆ. ಈ ಮೂರು ತಾರೀಖೂ ಶುಕ್ರವಾರ! ಒಬ್ಬಂದು ತಪ್ಪಿದ್ರೆ ತಪ್ಪು ಅನ್ನಬಹುದು, ಮೂವರದೂನಾ? ‘ಇವರೆಲ್ಲಾ ಕೂಲಿ ಸಾಕ್ಷಿಗಳು, ಸೆರ್ವಾ ಹೇಳಿದ್ದೇ ನಿಜ, ಆ ಕ್ರೀಮು ಮನೇಲಿದ್ರೆ ಇವತ್ತೇ ಮೋರಿಗೆ ಸುರೀರಿ’ ಅಂತ ಕೂಗ್ತಿದ್ದಾನೆ.”

ಲಾರ್ಬಿಯ ಮುಖದ ಬಣ್ಣ ಇಳಿಯಿತು. ನಿಧಾನಕ್ಕೆ ತಿರುಗಿದ. ಅಫುವಾ ಆಗಲೇ ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತಿದ್ದಳು.

“ಅಫುವಾ... ನಿನ್ನ ಹೆಸರಿಗೆ ಏನರ್ಥ?”

“ಎರಡು ವರ್ಷದಲ್ಲಿ ಇವತ್ತು ಕೇಳಿದ್ರಿ,” ಎಂದಳು ಅವಳು. “ಶುಕ್ರವಾರ ಹುಟ್ಟಿದವಳು ಅಂತ, ಸರ್.”