ಮೂರನೇ ಹೆಜ್ಜೆ

ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ಇನ್ನು ಹತ್ತೇ ನಿಮಿಷ ಉಳಿದಿತ್ತು. ಶಶಿರೇಖಾ ಕೂತಲ್ಲಿ ಕೂರಲಾರದೆ ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು.

“ಸರ್, ನನ್ನ ಪ್ರಬಂಧ ನಿಂತಿರೋದೇ ಆ ಪ್ರಮೇಯದ ಮೇಲೆ. ಅದೇ ತಪ್ಪು ಅಂತ ನಿನ್ನೆ ಗೊತ್ತಾಯ್ತು.”

“ಅದನ್ನ ಬರೆದವರೇ ಒಳಗೆ ಪರೀಕ್ಷಕರಾಗಿ ಕೂತಿದ್ದಾರಮ್ಮ,” ಎಂದರು ಅವಳ ಮಾರ್ಗದರ್ಶಕ ಪಂಪಣ್ಣ. “ಕೇಳಿದ್ದಕ್ಕಷ್ಟೇ ಉತ್ತರ ಹೇಳು. ಆರು ವರ್ಷದ ಕೆಲಸ ಹಾಳು ಮಾಡ್ಕೋಬೇಡ.”

ಒಳಗೆ ಅವಳು ಕೇಳಿದ್ದಕ್ಕೆಲ್ಲ ಉತ್ತರಿಸಿದಳು. ಪಂಪಣ್ಣ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕೊನೆಗೆ ಪರೀಕ್ಷಕರು ಸಹಿ ಹಾಕಲು ಪೆನ್ನು ತೆಗೆದಾಗ ಅವಳಿಗೆ ತಡೆಯಲಾಗಲಿಲ್ಲ.

“ಸರ್, ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಪೇರೆಂಟ್ ಕ್ಲಾಸ್ ಇರೋ ಕಡೆ ಅದರದೇ ಒಂದು ವಿಶೇಷ ರೂಪವಾದ ಚೈಲ್ಡ್ ಕ್ಲಾಸ್ ಹಾಕಿದರೂ ಎಲ್ಲ ಸರಿಯಾಗೇ ನಡೆಯುತ್ತೆ ಅಂತ ನಿಮ್ಮ ಪ್ರಮೇಯ ಹೇಳುತ್ತೆ. ಆಯತ ಪೇರೆಂಟ್, ಚೌಕ ಚೈಲ್ಡ್ ಅಂದ್ಕೊಳ್ಳಿ; ಚೌಕವೂ ಒಂದು ಆಯತವೇ. ಆದರೆ ಆಯತದ ಅಗಲ ಒಂದನ್ನೇ ಹೆಚ್ಚಿಸಬಹುದು. ಚೌಕಕ್ಕೆ ಹಾಗೆ ಮಾಡಿದರೆ ಅದು ಚೌಕವಾಗಿ ಉಳಿಯಲ್ಲ. ಪ್ರಮೇಯಕ್ಕೆ ನೀವು ಕೊಟ್ಟ ಸಾಧನೆಯ ಮೂರನೇ ಹೆಜ್ಜೆಯಲ್ಲಿ ಇದು ಬಿಟ್ಟುಹೋಗಿದೆ.”

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು.

“ಇಪ್ಪತ್ತೆರಡು ವರ್ಷದಿಂದ ಎಷ್ಟೋ ಜನ ಇದನ್ನ ಓದಿದ್ದಾರೆ. ಅವರಲ್ಲಿ ಒಬ್ಬರಿಗೂ ಕಾಣದ ತಪ್ಪು ನಿಮಗೊಬ್ಬರಿಗೇ ಕಾಣಿಸ್ತಾ?”

ಅವಳು ಬಾಯಿ ತೆರೆಯುವ ಮೊದಲೇ ಪಂಪಣ್ಣ ಎದ್ದು ನಿಂತರು.

“ನನಗೂ ಕಂಡಿತ್ತು ಸರ್, ನನ್ನ ಪ್ರಬಂಧಕ್ಕೆ ನೀವು ಸಹಿ ಹಾಕಿದ ದಿನ.”