ಓಗೊಡುವ ಕೀಬೋರ್ಡ್

“ಯಾಕ ಬಾಯಿ ಬಿಡವಲ್ಲದು ಇದು?”

ಗುರುಶಾಂತಮ್ಮ ಕೇಳಿದ್ದು ಯಾರನ್ನೂ ಅಲ್ಲ. ಹೊಸ ಕಂಪ್ಯೂಟರಿನ ಮುಂದೆ ಕುಳಿತು, ತೆಳ್ಳನೆಯ ಹೊಸ ಕೀಬೋರ್ಡನ್ನು ಒಂದೇ ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಬೆಳಗಿನಿಂದ ಅಚ್ಚಾದ ಚೀಟಿಗಳೆಲ್ಲ ತಪ್ಪು. ರಾಯದುರ್ಗದ ಆ ಜೀನ್ಸ್ ಕಾರ್ಖಾನೆಯ ಬಾಗಿಲಲ್ಲಿ ಬಳ್ಳಾರಿಗೆ ಹೋಗುವ ಟೆಂಪೊ ಕಾಯುತ್ತಿತ್ತು. ಚೀಟಿ ಅಂಟಿಸದೆ ಪ್ಯಾಂಟಿನ ಒಂದು ಕಟ್ಟೂ ಅದಕ್ಕೆ ಏರುವಂತಿರಲಿಲ್ಲ.

“ಇಪ್ಪತ್ತೆರಡು ವರ್ಷ ಟೈಪ್ ಹೊಡದಾಳ, ಇವತ್ತು ಮದುವಣಗಿತ್ತಿ ಹಂಗ ನಾಚಾಕತ್ಯಾಳ!” ಎಂದ ಮಾಲೀಕ ಯರ್ರಪ್ಪ. “ಹಿಂಗಾ ಆದ್ರ ನಾಳಿಂದ ದಾರ ಕತ್ತರಿಸೋರ ಸಾಲಿನ್ಯಾಗ ಕುಂದ್ರಬೇಕಾಗತೈತಿ ನೋಡು, ಗುರುಶಾಂತಮ್ಮಾ.” ಆಮೇಲೆ ಮೂಲೆಗೆ ಎತ್ತಿಟ್ಟಿದ್ದ ಹಳೆಯ ಕೀಬೋರ್ಡನ್ನು ತೋರಿಸಿ, “ಒಯ್ಯಪ್ಪ ಶಶಿಧರ್, ಪುಗಸಟ್ಟೆ. ಅದರ ಪಿನ್ನು ಹೊಸದಕ್ಕ ಕುಂದ್ರಂಗಿಲ್ಲ” ಎನ್ನುತ್ತ ಟೆಂಪೊದವನನ್ನು ಸಮಾಧಾನ ಮಾಡಲು ಹೊರಟ.

ಶಶಿಧರ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಆಗತಾನೆ ಹುಟ್ಟಿದ ಕುರಿಮರಿಯಷ್ಟು ಭಾರ. ಮಡಕಶಿರಾ ಕಡೆಯ ರತ್ನಗಿರಿಯಿಂದ ಪ್ಯಾಂಟು ಹೊಲಿಯಲು ಬಂದವನು ಈಗ ಬೇರೊಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ಕಸೂತಿ ನೋಡಿಕೊಳ್ಳುತ್ತಿದ್ದ. ರಜೆ ಸಿಕ್ಕರೆ ಬಳ್ಳಾರಿ, ಗುಂತಕಲ್ಲಿನ ಗುಜರಿ ಅಂಗಡಿಗಳನ್ನು ಜಾಲಾಡುವುದು ಅವನ ಹುಚ್ಚು. ಬಾಡಿಗೆ ಕೋಣೆಯಲ್ಲಿ ಹತ್ತೊಂಬತ್ತು ಹಳೆಯ ಕೀಬೋರ್ಡುಗಳು ಜೀನ್ಸ್ ತುಂಡುಗಳಲ್ಲಿ ಸುತ್ತಿಕೊಂಡು ಮಲಗಿದ್ದವು. ಪ್ರತಿ ಕೀಯ ಕೆಳಗೂ ಒಂದೊಂದು ಸ್ಪ್ರಿಂಗ್ ಇರುವ ಈ ಬಗೆಯದನ್ನು ಮಾತ್ರ ಅವನು ಏಳು ವರ್ಷದಿಂದ ಮೊಬೈಲಿನ ಚಿತ್ರದಲ್ಲಷ್ಟೇ ನೋಡಿದ್ದ. ಇಲ್ಲಿ ಅಂಥದೊಂದಿದೆ ಎಂದು ಕೇಳಿಯೇ ಇವತ್ತು ಬಂದಿದ್ದ.

ಸುತ್ತಿಕೊಳ್ಳುವ ಮೊದಲು ಪರೀಕ್ಷೆ ಆಗಬೇಕಲ್ಲ. ಹಳೆಯ ಪಿನ್ನನ್ನು ಹೊಸದಕ್ಕೆ ಕೂಡಿಸಲು ಚೀಲದಲ್ಲಿ ಸದಾ ಇಟ್ಟುಕೊಳ್ಳುವ ಜೋಡುಪಿನ್ನು ತೆಗೆದು, ಹಳೆಯ ಕೀಬೋರ್ಡನ್ನು ಹೊಸ ಕಂಪ್ಯೂಟರಿಗೆ ಸಿಕ್ಕಿಸಿದ. “ಅಮ್ಮಾ, ಒಂದ್ಸಲ ಹೊಡೆದು ನೋಡಮ್ಮ, ಎಲ್ಲಾ ಕೀನೂ ಜೀವ ಇಟ್ಕಂಡೈತಾ ಅಂತ.”

ಗುರುಶಾಂತಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಕಣ್ಣು ಮುಚ್ಚಿದಳು. “ಬಳ್ಳಾರಿ ಪಾರ್ಟಿ, ಬ್ಲೂ, ಸೈಜು ಮೂವತ್ತೆರಡು” ಎಂದು ತುಟಿಯೊಳಗೇ ಅಂದುಕೊಂಡಳು. ಬೆರಳುಗಳು ಇಳಿದವು.

ಪಕ್ಕದಲ್ಲೇ ನಲವತ್ತು ಹೊಲಿಗೆ ಮೆಷಿನ್ನುಗಳು ಭೋರ್ಗರೆಯುತ್ತಿದ್ದವು. ಆದರೂ ಆ ಸದ್ದು ಅವನಿಗೆ ಬೇರೆಯಾಗಿಯೇ ಕೇಳಿತು. ಒಂದು ಗಟ್ಟಿ, ಎರಡು ಹಗುರ, ಮತ್ತೆ ಗಟ್ಟಿ. ಸಾಲಿನ ಕೊನೆಗೆ ಉಸಿರಿನಷ್ಟು ಬಿಡುವು. ಊರಿನ ಗುಡಿಯ ಕಟ್ಟೆಯಲ್ಲಿ ತಾತ ಲಕ್ಷ್ಮೀನರಸಪ್ಪ ಪದ್ಯ ಹೇಳುತ್ತಿದ್ದುದು ಹೀಗೆಯೇ. ಹತ್ತೊಂಬತ್ತು ಕೀಬೋರ್ಡುಗಳನ್ನು ತಾನೂ ಬಡಿದಿದ್ದ. ಒಂದೂ ಹೀಗೆ ಹಾಡಿರಲಿಲ್ಲ. ಮೂವತ್ತಾರು ಚೀಟಿಗಳು ಹೊರಬಂದವು. ಒಂದರಲ್ಲೂ ತಪ್ಪಿಲ್ಲ. ಕೀಗಳ ಮೇಲೆ ನೋಡಿದರೆ ಒಂದಕ್ಷರವೂ ಉಳಿದಿಲ್ಲ. ಎಲ್ಲ ಸವೆದು ಹೊಳೆಯುವ ಹುಣಸೆಬೀಜ.

“ಅಬ್ಬಾ! ಈಗ ನನ್ನ ಹೆಸರು ಹೊಡಿಯಮ್ಮ, ಶಶಿಧರ್ ಅಂತ.”

ಬೆರಳುಗಳು ಗಾಳಿಯಲ್ಲೇ ನಿಂತವು. ಅವಳು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ಅದು ಹೆಂಗ ಕೇಳಸತೈತಿ, ತಮ್ಮಾ? ನನಗ ಅಕ್ಷರ ಬರಂಗಿಲ್ಲ.”

“ಏನು?”

“ಮೊದಲ ಕಸ ಹೊಡಿಯಾಕಿ ನಾನು. ಗೋಪಣ್ಣ ಅಂತ ಗುಮಾಸ್ತ ಇದ್ದ, ಬಾಯ್ಲೆ ಅಂದಕೊಂತ ಟೈಪ್ ಹೊಡಿತಿದ್ದ. ಕಸಬರಿಗಿ ಹಿಡಕೊಂಡು ಅಂವನ ಮಾತು, ಕೀ ಸಪ್ಪಳ ಎರಡೂ ಕೇಳಿದೆ, ಆರು ವರ್ಷ. ಒಂದಿನ ಅಂವ ಹೇಳದಂಗ ಬಳ್ಳಾರಿಗೆ ಹೋಗಿಬಿಟ್ಟ. ಲಾರಿ ನಿಂತಿತ್ತು. ಕುಂತೆ, ಹೊಡದೆ. ಒಂದೊಂದು ಕೀದೂ ಒಂದೊಂದು ದನಿ. ತಪ್ಪು ಬಿದ್ರ ಇದಾ ಹೇಳತೈತಿ. ಸಾವ್ಕಾರಗ ಇವತ್ತಿಗೂ ಗೊತ್ತಿಲ್ಲ.”

ಶಶಿಧರ್ ತನಗೇ ಅರಿವಿಲ್ಲದೆ ಕಾಲಿನ ಚಪ್ಪಲಿ ಹಿಂದಕ್ಕೆ ಬಿಟ್ಟ. ನಲವತ್ತು ಮೆಷಿನ್ನಿನ ಗದ್ದಲದಲ್ಲಿ, ಹಿಂಡಿನೊಳಗೆ ತನ್ನ ಮರಿಯ ದನಿ ಹಿಡಿಯುವ ತಾಯಿಕುರಿಯ ಹಾಗೆ, ಒಂದು ಸ್ಪ್ರಿಂಗಿನ ದನಿಯನ್ನು ಇನ್ನೊಂದರಿಂದ ಬೇರೆ ಮಾಡಿಕೊಂಡು ಇಪ್ಪತ್ತೆರಡು ವರ್ಷ!

ಯರ್ರಪ್ಪ ಒಳಬಂದು ಚೀಟಿಗಳನ್ನು ನೋಡಿ ಮುಖ ಅರಳಿಸಿದ. “ಇದಪ್ಪಾ! ಹಳೇ ಗಂಡನ ಪಾದಾನ ಗತಿ ಅನ್ನು ಈಕಿಗೆ. ಆದ್ರ ಕೊಟ್ಟಿದ್ದು ಕೊಟ್ಟೀನಿ, ನಾ ಮಾತು ತಿರುಗಂಗಿಲ್ಲ. ಅದು ಇರಬೇಕೋ ಹೋಗಬೇಕೋ, ನೀವಿಬ್ರಾ ಮಾತಾಡಿಕೊಳ್ರಿ.” ಚೀಟಿಗಳನ್ನು ಬಾಚಿಕೊಂಡು ಟೆಂಪೊದತ್ತ ಓಡಿದ.

ಏಳು ವರ್ಷದ ಆಸೆ. ಶಶಿಧರ್ ಅವಳ ಎದುರು ಕುಕ್ಕರುಗಾಲಲ್ಲಿ ಕುಳಿತ.

“ಅಮ್ಮಾ, ನಿನ್ನ ಕೂಳು ಕಿತ್ಕಳಾಕೆ ಬಂದೋನಲ್ಲ ನಾನು. ದಿನಾ ಸಂಜೆ ಬರ್ತೀನಿ. ಇಂಗ್ಲಿಷಿಂದು ಇಪ್ಪತ್ತಾರೇ ಅಕ್ಷರ ಕಣಮ್ಮ, ಒಂದು ತಿಂಗಳು ಸಾಕು, ಕಲಿಸ್ಕೊಡ್ತೀನಿ. ಆಮ್ಯಾಕೆ ಪರದೆ ನೋಡ್ಕಂಡು ಯಾವ ಕೀಬೋರ್ಡಲ್ಲಾದ್ರೂ ಹೊಡಿಬೌದು. ಅವಾಗ ಇದನ್ನ ನನಗೆ ಕೊಡು. ದೇವರ ಮನೇಲಿ ಇಟ್ಟಂಗೆ ಇಟ್ಕಂತೀನಿ.”

ಗುರುಶಾಂತಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಕೀಬೋರ್ಡನ್ನು ಮೆಲ್ಲಗೆ ತನ್ನ ತೊಡೆಯ ಮೇಲೆ ಎಳೆದುಕೊಂಡಳು.

“ಕೊಡಂಗಿಲ್ಲ ತಮ್ಮಾ. ಕಲಿಯಂಗೂ ಇಲ್ಲ. ಅಕ್ಷರ ಬಂತಂದ್ರ ಕಣ್ಣು ನೋಡಾಕ ಶುರು ಮಾಡ್ತಾವ. ಕಣ್ಣು ನೋಡಾಕತ್ತಿದ್ರ, ಕಿವಿ ಮುಚ್ಚಿಹೋಗತಾವ.”